ಕಡಲಿಗೆ ಹೋದ ಕಂಬಳಿ

ನಮ್ಮ ಗೌಡಗೆರೆಯಲ್ಲಿ ಬಟ್ಟೆ ಒಣಗುವುದೆಂಬುದು ಯಾರೂ ಯೋಚಿಸತಕ್ಕ ವಿಷಯವಾಗಿರಲಿಲ್ಲ. ಬಾವಿಯ ಬಳಿಯ ಬಂಡೆಯ ಮೇಲೆ ಒಗೆದು ಹಿಂಡಿದ ಪಂಚೆಯೊಂದನ್ನು ಬೇಲಿಗೆ ಹರವಿ, ಎರಡನೆಯದನ್ನು ಹಿಂಡಿಕೊಂಡು ಬರುವಷ್ಟರಲ್ಲಿ ಮೊದಲನೆಯದರ ಅಂಚು ಗರಿಗರಿಯಾಗಿರುತ್ತಿತ್ತು. ಸಿರಾ ಸೀಮೆಯೆಂದರೆ ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಅಂಗುಲ ಮಳೆಯನ್ನು ಕಂಡರೆ ಸುಭಿಕ್ಷವೆಂದು ಎಣಿಸುವ ನಾಡು. ಹುಣಸೆಯ ಮರ, ಹೊಂಗೆಯ ಮರ, ಕಡಲೆಕಾಯಿಯ ಹೊಲ, ಕುರಿಯ ಹಿಂಡು, ಇವುಗಳ ಮೇಲೆ ಹಗಲೆಲ್ಲ ಬೀಸುವ ಒಣಗಾಳಿ, ಆ ಗಾಳಿಗೂ ಮಿಗಿಲಾದ ಬಿಸಿಲು. ಆ ಬಿಸಿಲನ್ನು ನಂಬಿ ನೆರೆಯ ಪಾವಗಡದ ತಿರುಮಣಿಯಲ್ಲಿ ಈಗ 2,050 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸುವ ಸೌರಸ್ಥಾವರ ಎದ್ದಿದೆ. ನನ್ನ ಬಾಲ್ಯದಲ್ಲಿ ಅದೇ ಬಿಸಿಲನ್ನು ನಂಬಿ ನಾವು ಎರಡೇ ಜೊತೆ ಬಟ್ಟೆಯಲ್ಲಿ ವರ್ಷವನ್ನು ಕಳೆಯುತ್ತಿದ್ದೆವು. ಒಂದು ಮೈಮೇಲೆ, ಒಂದು ಬೇಲಿಯ ಮೇಲೆ.

ಸಮುದ್ರದ ಕಡೆಗೆ ಹೋಗುವವರು ಯಾವ ಬಟ್ಟೆಯನ್ನು ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆ ಇಂಥ ಮನೆಯೊಂದರಲ್ಲಿ ಹುಟ್ಟಿದ್ದು 1956ರ ನವೆಂಬರ್ 1ರ ದೆಸೆಯಿಂದ ಎಂದರೆ ತಪ್ಪಾಗಲಾರದು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವೂ, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡವೂ ಮೈಸೂರು ರಾಜ್ಯದೊಡನೆ ಒಂದಾದ ಮೇಲೆ, ಎಂದೂ ಒಬ್ಬರ ಮುಖವನ್ನೊಬ್ಬರು ಕಾಣದಿದ್ದ ಸೀಮೆಗಳ ಜನರು ಸರ್ಕಾರದ ವರ್ಗಾವಣೆಯ ಕಾಗದಗಳನ್ನು ಹಿಡಿದು ಪರಸ್ಪರರ ಊರುಗಳಿಗೆ ಬರತೊಡಗಿದರು. ಹಾಗೆ ನಮ್ಮ ಕಡೆಗೆ ಬಂದವರು ಹೊನ್ನಾವರ ಕುಮಟೆಗಳ ನಡುವಣ ಧಾರೇಶ್ವರದ ಸಮೀಪದ ಒಂದು ಹಳ್ಳಿಯ ಮೇಷ್ಟ್ರು. ನನ್ನ ತಂದೆಯವರೂ ಉಪಾಧ್ಯಾಯರಾಗಿದ್ದುದರಿಂದ ಇಬ್ಬರಿಗೂ ಸ್ನೇಹವಾಯಿತು. ಮೇಷ್ಟ್ರು ನಾಲ್ಕು ವರ್ಷ ನಮ್ಮ ಮನೆಯ ಹೊರಕೋಣೆಯಲ್ಲಿದ್ದು, ರಾಗಿಯ ಮುದ್ದೆಯನ್ನು ನುಂಗುವುದನ್ನು ನಿಧಾನವಾಗಿ ಕಲಿತು, ಕೊನೆಗೆ ತಮ್ಮ ಊರಿನ ಕಡೆಗೆ ವರ್ಗವಾಗಿ ಹೋದರು. ಹೋದವರು ಪ್ರತಿ ವರ್ಷವೂ ಕಾಗದ ಬರೆದು ಕರೆಯುತ್ತಿದ್ದರು. ಕರೆದ ಮೂರನೆಯ ವರ್ಷ, ಕ್ರಿಸ್‌ಮಸ್ಸಿನ ರಜೆಗೆ ನಾಲ್ಕು ದಿನಗಳನ್ನು ಸೇರಿಸಿಕೊಂಡು, ತಂದೆಯವರು, ಅಮ್ಮ, ನಾನು ಮೂವರೂ ಹೊರಡುವುದೆಂದು ನಿಶ್ಚಯವಾಯಿತು. ನಾನು ಆಗ ಮಾಧ್ಯಮಿಕ ಶಾಲೆಯ ಕೊನೆಯ ತರಗತಿಯಲ್ಲಿದ್ದೆನು.

ಮೇಷ್ಟ್ರ ಕಾರ್ಡಿನಲ್ಲಿ ಬಟ್ಟೆಯ ವಿಷಯವಾಗಿ ಎರಡು ಸಾಲುಗಳಿದ್ದವು. ಇಲ್ಲಿ ಚಳಿ ಎಂಬುದಿಲ್ಲ, ಹಗುರವಾದ ನೂಲಿನ ಬಟ್ಟೆಗಳು ಸಾಕು, ಆದರೆ ಸಂಖ್ಯೆಯಲ್ಲಿ ಹೆಚ್ಚಿರಲಿ, ಎಂದು ಅವರು ಸ್ಪಷ್ಟವಾಗಿಯೇ ಬರೆದಿದ್ದರು. ತಂದೆಯವರು ಅದನ್ನು ಗಟ್ಟಿಯಾಗಿ ಓದಿದರು. ಆದರೆ ಧನುರ್ಮಾಸದ ನಸುಕಿನಲ್ಲಿ ಉಸಿರು ಹೊಗೆಯಾಗಿ ಕಾಣುವ ಊರಿನಲ್ಲಿ ಕುಳಿತು, ಚಳಿಯೆಂಬುದಿಲ್ಲ ಎಂಬ ಮಾತನ್ನು ನಂಬುವುದು ಕಷ್ಟ. ಬಯಲುಸೀಮೆಯ ಆಕಾಶಕ್ಕೆ ಮುಚ್ಚಳವಿಲ್ಲ. ಗಾಳಿಯಲ್ಲಿ ನೀರಿನ ಪಸೆಯಿಲ್ಲದ ಕಾರಣ, ಹಗಲೆಲ್ಲ ಕಾದ ನೆಲವು ರಾತ್ರಿ ತನ್ನ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ಕೊರೆಯತೊಡಗುತ್ತದೆ. ಕಡಲು ಹಾಗಲ್ಲ, ಅದು ತನ್ನ ಕಾವನ್ನು ಸುಲಭವಾಗಿ ಬಿಡದು, ತೇವದ ಗಾಳಿಯೂ ಅದನ್ನು ಹೊದಿಕೆಯಂತೆ ಹಿಡಿದಿಡುತ್ತದೆ, ಆದುದರಿಂದ ಅಲ್ಲಿ ಹಗಲಿಗೂ ಇರುಳಿಗೂ ನಮ್ಮಲ್ಲಿರುವಷ್ಟು ಅಂತರವಿಲ್ಲ. ಇದನ್ನು ನಾನು ಎಷ್ಟೋ ವರ್ಷಗಳ ಮೇಲೆ ತಿಳಿದೆನು. ಆ ರಾತ್ರಿ ನಮ್ಮ ಮನೆಯಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಹಜಾರದ ನಡುವೆ ಹಸಿರು ಬಣ್ಣದ ಟ್ರಂಕನ್ನು ತೆರೆದಿಟ್ಟು, ಲಾಂದ್ರದ ಬೆಳಕಿನಲ್ಲಿ ಅಮ್ಮ ಒಂದೊಂದಾಗಿ ಇಡುತ್ತಾ ಹೋದಳು. ತಂದೆಯವರ ಕರಿಯ ಕ್ಲೋಸ್‌ಕಾಲರ್ ಕೋಟು, ಏಕೆಂದರೆ ಪರಸ್ಥಳಕ್ಕೆ ಹೋಗುವ ಉಪಾಧ್ಯಾಯರು ಕೋಟಿಲ್ಲದೆ ಹೋಗುವುದು ಅಂದಿನ ಮರ್ಯಾದೆಗೆ ಒಪ್ಪತಕ್ಕದ್ದಾಗಿರಲಿಲ್ಲ. ಎರಡು ಕಚ್ಚೆಪಂಚೆ, ಮೂರು ಜುಬ್ಬ. ನನ್ನ ಎರಡು ಖಾಕಿ ಡ್ರಿಲ್ ಚಡ್ಡಿ, ಒಂದು ದಪ್ಪ ಫ್ಲಾನೆಲ್ ಷರಟು. ಅಮ್ಮನ ನೂಲಿನ ಸೀರೆಗಳು ಎರಡು. ಎಲ್ಲಕ್ಕಿಂತ ಮೇಲೆ, ಹಳೆಯ ಪಂಚೆಯೊಂದರಲ್ಲಿ ಸುತ್ತಿದ್ದ ಅವಳ ಮದುವೆಯ ರೇಷ್ಮೆ ಸೀರೆ. ಅದು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದಲ್ಲಿ ನೆಯ್ದದ್ದು, ಗಿಣಿಹಸಿರು ಒಡಲಿನದು, ಅರಿಶಿನ ಬಣ್ಣದ ಅಂಚಿನದು. ವರ್ಷಕ್ಕೆ ಒಮ್ಮೆ ಹಬ್ಬಕ್ಕೆ ಹೊರಬಂದು ಮತ್ತೆ ಪೆಟ್ಟಿಗೆಯನ್ನು ಸೇರುತ್ತಿದ್ದದ್ದು. ಅಷ್ಟು ದೊಡ್ಡ ನೀರನ್ನು ಮೊದಲ ಬಾರಿಗೆ ನೋಡುವಾಗ ಮಾಸಿದ ಸೀರೆಯನ್ನುಟ್ಟು ಎದುರಿಗೆ ನಿಲ್ಲಬಾರದು ಎಂಬುದು ಅವಳ ಭಾವನೆ. ಗಂಗೆಗೆ ಬಾಗಿನ ಕೊಡುವವಳು ಹೇಗೆ ಸಿದ್ಧಳಾಗುವಳೋ ಹಾಗೆಯೇ ಅವಳು ಸಿದ್ಧಳಾಗುತ್ತಿದ್ದಳು.

ಟ್ರಂಕಿನ ಮುಚ್ಚಳವನ್ನು ಮುಚ್ಚುವ ಹೊತ್ತಿಗೆ ಅಜ್ಜಿ ಒಳಮನೆಯಿಂದ ಕಂಬಳಿಯೊಂದನ್ನು ತಂದು ನಮ್ಮ ಮುಂದೆ ಇಟ್ಟಳು. ತಂದೆಯವರು ಕಾರ್ಡನ್ನು ಮತ್ತೊಮ್ಮೆ ತೋರಿಸಿ, ಅಲ್ಲಿ ಉಣ್ಣೆ ಬೇಡವಂತೆ ಎಂದರು. "ಅಲ್ಲ ಕಣೋ, ನಾಕೂರು ದಾಟಿ ಹೋಗೋರು ಕಂಬಳಿ ಇಲ್ದೆ ಹೋಗ್ತಾರೇನೋ? ಹೊದಿಯಾಕೆ ಬೇಡದಿದ್ರೆ ಹಾಸಾಕಾಗ್ತದೆ, ಹಾಸಾಕೆ ಬೇಡದಿದ್ರೆ ಗಂಟು ಕಟ್ಟಾಕಾಗ್ತದೆ" ಎಂದು ಅಜ್ಜಿ ಹೇಳಿದ ಮೇಲೆ ಅವರು ಮರುಮಾತಾಡಲಿಲ್ಲ.

ಆ ಕಂಬಳಿಯ ವಿಷಯವಾಗಿ ನಾನು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಸೀಮೆಯ ಕುರುಬರ ಮನೆಗಳಲ್ಲಿ ಕತ್ತರಿಸಿದ ಕರಿಕುರಿಯ ಉಣ್ಣೆಯನ್ನು ಬಿಡಿಸಿ, ಹಿಂಜಿ, ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿರುಸು ಮಾಡುತ್ತಾರೆ. ಗುಂಡಿಮಗ್ಗದಲ್ಲಿ ಕಾಲಿಳಿಯಬಿಟ್ಟು ಕುಳಿತು ಗಂಡಸರು ನೆಯ್ಯುತ್ತಾರೆ. ಬಣ್ಣ ಹಾಕುವುದಿಲ್ಲ; ಕುರಿಯ ಕಪ್ಪೇ ಕಂಬಳಿಯ ಕಪ್ಪು. ಹೊಸತರಲ್ಲಿ ಅದು ಮೈಗೆ ಮುಳ್ಳಿನಂತೆ ಚುಚ್ಚುತ್ತದೆ, ನಾಲ್ಕಾರು ವರ್ಷ ಕಳೆದ ಮೇಲೆ ಮೆತ್ತಗಾಗುತ್ತದೆ, ಒಂದು ತಲೆಮಾರು ಬಾಳುತ್ತದೆ. ಅಜ್ಜಿ ತಂದ ಕಂಬಳಿ ಮಧ್ಯವಯಸ್ಸಿನದು. ಅದರಲ್ಲಿ ಕುರಿಯ ವಾಸನೆ ಇನ್ನೂ ಪೂರ್ತಿಯಾಗಿ ಹೋಗಿರಲಿಲ್ಲ.

ಸಿರಾಕ್ಕೆ ಬಸ್ಸು, ಸಿರಾದಿಂದ ತುಮಕೂರಿಗೆ ಇನ್ನೊಂದು ಬಸ್ಸು, ತುಮಕೂರಿನಿಂದ ರೈಲು. ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗೆಯ ಕಡೆಯ ಗಾಡಿಗಾಗಿ ರಾತ್ರಿಯೆಲ್ಲ ಕಾಯಬೇಕಾಗಿ ಬಂದಾಗ, ಕಲ್ಲು ಹಾಸಿದ ಪ್ಲಾಟ್‌ಫಾರಂ ಮೇಲೆ ಮೂವರೂ ಆ ಒಂದೇ ಕಂಬಳಿಯ ಕೆಳಗೆ ಕುಳಿತೆವು. ಫ್ಲಾನೆಲ್ ಷರಟು ಆಗಲಿ ಕರಿಯ ಕೋಟಾಗಲಿ ತಡೆಯದ ಚಳಿಯನ್ನು ಕಂಬಳಿ ತಡೆಯಿತು. ಅಮ್ಮ ಏನನ್ನೂ ಹೇಳದೆ ತಂದೆಯವರ ಮುಖವನ್ನು ನೋಡಿದಳು. ತಂದೆಯವರು ಕಂಬಳಿಯ ಅಂಚನ್ನು ನನ್ನ ಪಾದಗಳ ಕೆಳಗೆ ಸಿಕ್ಕಿಸಿ, "ನಮ್ಮಮ್ಮ ಹೇಳಿದ್ದು ಸರಿ" ಎಂದರು.

ತಾಳಗುಪ್ಪದಲ್ಲಿ ರೈಲು ಮುಗಿಯಿತು. ಅಲ್ಲಿಂದ ಹೊನ್ನಾವರದ ಬಸ್ಸು ಗೇರುಸೊಪ್ಪೆಯ ಘಟ್ಟವನ್ನು ಇಳಿಯುತ್ತಾ ಹೋದಂತೆ, ಒಂದೊಂದು ತಿರುವಿಗೂ ಗಾಳಿ ದಪ್ಪವಾಗುತ್ತಾ, ಬೆಚ್ಚಗಾಗುತ್ತಾ ಬಂದುದನ್ನು ನನ್ನ ಚರ್ಮ ಇಂದಿಗೂ ಮರೆತಿಲ್ಲ. ಮೊದಲು ನನ್ನ ತಲೆಗೆ ಸುತ್ತಿದ್ದ ಟವಲು ಹೋಯಿತು. ಅನಂತರ ಫ್ಲಾನೆಲ್ಲಿನ ಗುಂಡಿಗಳು ಒಂದೊಂದಾಗಿ ಬಿಚ್ಚಿದವು. ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ತಂದೆಯವರ ಕೋಟು ಅವರ ತೊಡೆಯ ಮೇಲಿತ್ತು. ಕಿಟಕಿಯಾಚೆ ಅಡಕೆ, ಬಾಳೆ, ತೆಂಗು, ನೆರಳಿನೊಳಗೆ ನೆರಳು. ಅಷ್ಟು ಹಸಿರನ್ನು ಒಂದೇ ಕಡೆ ಕಂಡು ಅಭ್ಯಾಸವಿಲ್ಲದ ನಾವು ಮೂವರೂ ಮೌನವಾಗಿದ್ದೆವು.

ಮೇಷ್ಟ್ರ ಮನೆಯಲ್ಲಿ ಅವರ ತಾಯಿಯವರನ್ನು ಎಲ್ಲರೂ ಆಯಿ ಎಂದು ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಬಂದ ದಿನವೇ ಅಮ್ಮ ದಾರಿಯ ಧೂಳಿನ ಬಟ್ಟೆಗಳನ್ನೆಲ್ಲ ಒಗೆದು ಮಧ್ಯಾಹ್ನ ಅಂಗಳದ ಹಗ್ಗಕ್ಕೆ ಹಾಕಿದಳು. ಗೌಡಗೆರೆಯ ಲೆಕ್ಕದಲ್ಲಿ ಸಂಜೆಗೆ ಅವುಗಳನ್ನು ಮಡಿಸಿಡಬೇಕು. ಸಂಜೆ ಮುಟ್ಟಿ ನೋಡಿದರೆ, ಬೆಳಕು ಅಷ್ಟೊಂದು ಇದ್ದರೂ ಬಟ್ಟೆ ಹಸಿಯಾಗಿಯೇ ಇತ್ತು. ಮರುದಿನವೂ ನನ್ನ ಖಾಕಿ ಚಡ್ಡಿಯ ಸೊಂಟದ ಪಟ್ಟಿ ಒಣಗಿರಲಿಲ್ಲ. ಅದನ್ನೇ ಹಾಕಿಕೊಂಡು ಮರಳ ಮೇಲೆ ಓಡಿದ್ದರಿಂದ ತೊಡೆಯ ಸಂದಿನಲ್ಲಿ ಚರ್ಮ ಕೆಂಪಾಗಿ ಕಿತ್ತುಬಂದು, ನಡೆಯುವುದೇ ಕಷ್ಟವಾಯಿತು. ಅಮ್ಮ ಕಳವಳಗೊಂಡಳು. ಆಗ ಆಯಿ ಅವಳನ್ನು ಹಗ್ಗದ ಬಳಿಗೆ ಕರೆದೊಯ್ದು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಇಲ್ಲಿ ಬಟ್ಟೆ ಬರೀ ಬಿಸಿಲಿಗೆ ಒಣಗೂದಲ್ಲ ತಂಗೀ, ಗಾಳಿಗೆ ಒಣಗೂದು. ಬೆಳಿಗ್ಗೆ ಘಟ್ಟದ ಬದಿಯಿಂದ ಗಾಳಿ ಬರ್ತದೆ, ಆವಾಗ ಹಾಕು. ಮಧ್ಯಾಹ್ನ ಗಾಳಿ ತಿರುಗೂದರೊಳಗೆ ತೆಗೆದುಬಿಡು."

ಎಷ್ಟು ಸೂಕ್ಷ್ಮವಾದ ತಿಳಿವಳಿಕೆ! ರಾತ್ರಿ ಬೇಗ ತಣಿದ ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಒಣಗಾಳಿ. ಹಗಲು ನೆಲವು ಕಾದ ಮೇಲೆ ಕಡಲಿನಿಂದ ಒಳಕ್ಕೆ ನುಗ್ಗುವ ಗಾಳಿ ನೀರನ್ನು ಹೊತ್ತ ಗಾಳಿ. ನನ್ನ ಭೂಗೋಳದ ಪುಸ್ತಕದಲ್ಲಿ ಎರಡು ಬಾಣದ ಗುರುತುಗಳಾಗಿದ್ದ ಈ ವಿಷಯ, ಆಯಿಗೆ ಹಗ್ಗದ ಮೇಲಿನ ಸೀರೆಯಾಗಿ ತಿಳಿದಿತ್ತು. ಸೀರೆಯ ಸೆರಗು ಪಡುವಣಕ್ಕೆ ಹಾರುತ್ತಿದ್ದರೆ ಇರಲಿ. ಮೂಡಣಕ್ಕೆ ತಿರುಗಿತೆಂದರೆ ಒಳಗೆ ತರಬೇಕು. ಚಡ್ಡಿಯಂಥ ದಪ್ಪ ಬಟ್ಟೆಗಳಿಗೆ ಗಾಳಿ ಸಾಲದೆಂದು ಅವರು ಅವುಗಳನ್ನು ಬಚ್ಚಲ ಒಲೆಯ ಮೇಲೆ ಕಟ್ಟಿದ್ದ ಬಿದಿರಿನ ಗಳುವಿಗೆ ಹಾಕಿಸಿದರು. ನೂರು ಅಂಗುಲಕ್ಕೂ ಮೀರಿದ ಮಳೆ ಸುರಿಯುವ ಆ ಊರಿನಲ್ಲಿ, ಆಷಾಢ ಶ್ರಾವಣಗಳಲ್ಲಿ ಮನೆಮಂದಿಯ ಬಟ್ಟೆಯೆಲ್ಲ ಆ ಗಳುವಿನ ಮೇಲೆಯೇ ಒಣಗುತ್ತದಂತೆ. ಹೊಗೆಯ ಕಂಪಿನ ಚಡ್ಡಿಯನ್ನು ಹಾಕಿಕೊಂಡು ನಾನು ಮತ್ತೆ ಓಡತೊಡಗಿದೆನು.

ಸಮುದ್ರವನ್ನು ನೋಡಲು ಹೊರಟ ಬೆಳಿಗ್ಗೆ ಅಮ್ಮ ರೇಷ್ಮೆಯ ಸೀರೆಯನ್ನು ಹೊರತೆಗೆದಳು. ಆಯಿ ಅದನ್ನು ಕೈಯಲ್ಲಿ ಹಿಡಿದು, ಅಂಚನ್ನು ಸವರಿ, ಬಹಳ ಚೆಂದದ ಸೀರೆಯೆಂದು ಮನಸಾರೆ ಹೊಗಳಿ, ಆಮೇಲೆ ಮೆಲ್ಲನೆ ಅದನ್ನು ಮತ್ತೆ ಪಂಚೆಯಲ್ಲಿ ಸುತ್ತಿಟ್ಟರು. ಉಪ್ಪುನೀರು ಸೋಕಿದರೆ ರೇಷ್ಮೆ ಬಿರುಸಾಗುತ್ತದೆ, ಜರಿ ಕಪ್ಪಾಗುತ್ತದೆ. ಕಡಲಿಗೆ ನೂಲಿನ ಸೀರೆ, ದೇವರಿಗೆ ರೇಷ್ಮೆ ಸೀರೆ, ಎಂದು ಅವರು ವಿಭಾಗ ಮಾಡಿಕೊಟ್ಟರು. ಅಮ್ಮ ಕ್ಷಣಕಾಲ ಸಪ್ಪಗಾದರೂ ಒಪ್ಪಿದಳು. ದಡದಲ್ಲಿ ನಿಂತು, ಹಳೆಯ ಕಂದು ಸೀರೆಯ ನೆರಿಗೆಗಳನ್ನು ಎತ್ತಿ ಸಿಕ್ಕಿಸಿ, ಅರಿಶಿನ ಕುಂಕುಮ ಹೂವುಗಳನ್ನು ಅಲೆಗೆ ಕೊಟ್ಟು ಅವಳು ಕೈಮುಗಿದು ನಿಂತಾಗ, ನೀರು ಬಂದು ಮೊಣಕಾಲಿನವರೆಗೆ ಅವಳನ್ನು ನೆನೆಸಿತು. ಅವಳು ಹಿಂದಕ್ಕೆ ಸರಿಯಲಿಲ್ಲ. ಕೆರೆಯ ಏರಿಯ ಮೇಲೆ ನಿಂತು ಮಳೆಗಾಲದುದ್ದಕ್ಕೂ ನೀರು ಬಂದೀತೇ ಎಂದು ನೋಡುತ್ತಿದ್ದವಳು ಅವಳು. ಇಷ್ಟೊಂದು ನೀರು ತಾನಾಗಿ ನಡೆದು ಬಂದು ಕಾಲನ್ನು ಮುಟ್ಟುತ್ತದೆಂಬುದನ್ನು ಅವಳು ನಂಬಲಾರದವಳಂತೆ ನಿಂತಿದ್ದಳು.

ನೆನೆದ ಸೀರೆಯನ್ನು ಹಾಗೆಯೇ ಒಣಹಾಕಬಾರದು, ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿ ಆಮೇಲೆ ಹಾಕಬೇಕು ಎಂಬುದೂ ಆಯಿಯಿಂದ ಕಲಿತ ಪಾಠ. ಸಮುದ್ರದ ನೀರಿನ ಲವಣಗಳು ಬಟ್ಟೆಯಲ್ಲಿ ಉಳಿದರೆ ಅವು ಗಾಳಿಯ ತೇವವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತವೆ. ಒಣಗಿತೆಂದು ಮಡಿಸಿಟ್ಟದ್ದು ಬೆಳಗಾಗುವಷ್ಟರಲ್ಲಿ ಮತ್ತೆ ತಣ್ಣಗಾಗಿರುತ್ತದೆ. ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಆಗರಗಳ ಸಂಗತಿಯನ್ನು ಮೇಷ್ಟ್ರು ವಿವರಿಸಿದರು. ನಮ್ಮ ಸೀಮೆಯಲ್ಲಿ ಅಗಸರು ಬಟ್ಟೆ ಬಿಳುಪಾಗಲೆಂದು ಚೌಳುಮಣ್ಣನ್ನು ಹುಡುಕಿ ತರುತ್ತಿದ್ದುದನ್ನು ಬಲ್ಲ ತಂದೆಯವರು, ಉಪ್ಪು ಒಂದೆಡೆ ಬಟ್ಟೆಗೆ ಶತ್ರು, ಒಂದೆಡೆ ಮಿತ್ರ ಎಂದು ಆಶ್ಚರ್ಯಪಟ್ಟರು.

ಗೋಕರ್ಣದಲ್ಲಿ ಗಂಡಸರು ಅಂಗಿಯನ್ನು ಕಳಚಿ, ಪಂಚೆಯನ್ನುಟ್ಟು ಮಹಾಬಲೇಶ್ವರನ ದರ್ಶನಕ್ಕೆ ಹೋಗುವ ಪದ್ಧತಿ ಇದೆಯಷ್ಟೆ. ನಮ್ಮ ಟ್ರಂಕಿನಲ್ಲಿ ನನ್ನ ಅಳತೆಗೆ ಪಂಚೆಯೇ ಇರಲಿಲ್ಲ. ಮೇಷ್ಟ್ರು ತಮ್ಮ ಪಾಣಿಪಂಚೆಯೊಂದನ್ನು ನನ್ನ ಸೊಂಟಕ್ಕೆ ಸುತ್ತಿದರು. ಆ ತೆಳುವಾದ ಚೌಕುಳಿಯ ಬಟ್ಟೆಯನ್ನು ಉಡುಪಿಯ ಕಡೆ ಬೈರಾಸು ಎನ್ನುತ್ತಾರೆ. ಮೈ ಒರೆಸುವುದೂ ಅದೇ, ಉಡುವುದೂ ಅದೇ, ತಲೆಗೆ ಸುತ್ತುವುದೂ ಅದೇ. ಹಿಂಡಿ ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಫರ್ಲಾಂಗು ನಡೆದರೆ ಆ ತೇವದ ಗಾಳಿಯಲ್ಲಿಯೂ ಒಣಗುತ್ತದೆ. ನಾವು ಹೊತ್ತು ತಂದಿದ್ದ ದಪ್ಪ ಟರ್ಕಿ ಟವಲು ಬಂದ ದಿನದಿಂದ ಒಮ್ಮೆಯೂ ಒಣಗಿರಲಿಲ್ಲ. ದೇವಾಲಯದಿಂದ ಹೊರಬಂದ ಅಮ್ಮ ಗಿಣಿಹಸಿರು ಸೀರೆಯಲ್ಲಿ ಹೊಳೆಯುತ್ತಿದ್ದಳು.

ದಾರಿಯಲ್ಲಿ ಹಾಲಕ್ಕಿ ಹೆಂಗಸರ ಗುಂಪೊಂದು ಎದುರಾಯಿತು. ಕುಪ್ಪಸವಿಲ್ಲದೆ, ಮೈಗೆ ಅಡ್ಡಲಾಗಿ ಸುತ್ತಿ ಹೆಗಲ ಮೇಲೆ ಗಂಟಿಕ್ಕಿದ ಸೀರೆ, ಕೊರಳಿನಿಂದ ಎದೆಯವರೆಗೆ ಸಾಲು ಸಾಲಾಗಿ ಕರಿಮಣಿಯ ಸರಗಳು. ಆ ಉಡುಪು ಆ ಸೆಕೆಗೆ, ಆ ಗದ್ದೆಯ ಕೆಸರಿಗೆ, ಆ ಮಳೆಗೆ ಎಷ್ಟು ಹೊಂದಿಕೆಯಾದದ್ದೆಂದು ನನಗೆ ಅಂದು ಹೊಳೆಯಲಿಲ್ಲ. 2021ರಲ್ಲಿ ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಅದೇ ಉಡುಪಿನಲ್ಲಿ, ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ, ಗೋಕರ್ಣದ ದಾರಿಯ ಆ ಗುಂಪು ಕಣ್ಣ ಮುಂದೆ ಬಂದು ನನ್ನ ಕಣ್ಣು ತುಂಬಿತು. ತಮ್ಮ ನೆಲದ ಬಟ್ಟೆಯನ್ನು ಆ ತಾಯಿ ದೆಹಲಿಯವರೆಗೂ ಉಟ್ಟು ಹೋದರು.

ಹೊರಡುವ ಹಿಂದಿನ ರಾತ್ರಿ ಆಯಿ ಕಥೆ ಹೇಳಿದರು. ರಾವಣನು ಆತ್ಮಲಿಂಗವನ್ನು ಕೀಳಲಾರದೆ ಕೋಪದಿಂದ ಅದರ ಮೇಲಿನ ವಸ್ತುಗಳನ್ನು ಒಂದೊಂದಾಗಿ ಎಸೆದನಂತೆ. ಸಂಪುಟ ಸಜ್ಜೇಶ್ವರದಲ್ಲಿ ಬಿತ್ತು, ಮುಚ್ಚಳ ಗುಣವಂತೆಯಲ್ಲಿ, ಕಟ್ಟಿದ್ದ ದಾರ ಧಾರೇಶ್ವರದಲ್ಲಿ, ಹೊದಿಸಿದ್ದ ವಸ್ತ್ರ ಮುರುಡೇಶ್ವರದಲ್ಲಿ. ಈಗ 123 ಅಡಿಯ ಶಿವನ ಮೂರ್ತಿಯನ್ನು ನೋಡಲು ಮುರುಡೇಶ್ವರಕ್ಕೆ ಹೋಗುವ ಜನರಲ್ಲಿ ಎಷ್ಟು ಮಂದಿಗೆ ಅದು ಒಂದು ಬಟ್ಟೆ ಬಿದ್ದ ಊರೆಂದು ನೆನಪಿರುವುದೋ. ಕಥೆ ಕೇಳುತ್ತಾ ಅಮ್ಮ ಟ್ರಂಕನ್ನು ತುಂಬುತ್ತಿದ್ದಳು. ಕೊನೆಯಲ್ಲಿ ಕಂಬಳಿ ಉಳಿಯಿತು. ಬಂದ ದಿನದಿಂದ ಅದನ್ನು ಯಾರೂ ಹೊದ್ದಿರಲಿಲ್ಲ; ಮೂಲೆಯಲ್ಲಿದ್ದು ತೇವವನ್ನು ಹೀರಿ ಅದರ ಕುರಿಯ ವಾಸನೆ ಹೊಸದಾಗಿ ಎದ್ದಿತ್ತು. ಅಮ್ಮ ಸಂಕೋಚದಿಂದ ಅದನ್ನು ಎತ್ತಿಕೊಳ್ಳಹೋದಾಗ, ಆಯಿ ಅದರ ತುದಿಯನ್ನು ಹಿಡಿದು ದೀಪದ ಬಳಿಗೆ ತಂದು ಬಹಳ ಹೊತ್ತು ನೋಡಿದರು.

"ಇದು ನಿಮ್ಮ ಬದಿಯದ್ದಾ?" ಎಂದು ಅವರು ಕೇಳಿದರು. ಆಮೇಲೆ ಅಟ್ಟದಿಂದ ಒಂದು ಹಳೆಯ ಕಂಬಳಿಯನ್ನು ತರಿಸಿದರು. ಹೊಗೆ ಹಿಡಿದು, ಅಂಚು ಹರಿದು, ಮಧ್ಯೆ ತೇಪೆ ಹಾಕಿದ್ದರೂ ಅದೇ ಕಪ್ಪು, ಅದೇ ನೆಯ್ಗೆ. ಬಯಲುಸೀಮೆಯಿಂದ ಘಟ್ಟದ ಮೇಲಣ ಸಂತೆಗಳಿಗೆ ಬರುವ ಕಂಬಳಿಗಳನ್ನು ಮಲೆನಾಡಿನವರೂ ಕರಾವಳಿಯವರೂ ಕೊಂಡು, ಒಂದು ತುದಿಯನ್ನು ಮಡಿಸಿ ತಲೆಯ ಮೇಲೆ ಕೊಪ್ಪೆಯಾಗಿ ಹಾಕಿಕೊಂಡು, ಮಳೆಗಾಲದುದ್ದಕ್ಕೂ ಗದ್ದೆಯಲ್ಲಿ ಉಳುತ್ತಾರೆ. ಕುರಿಯ ಮೈಯ ಜಿಡ್ಡು ಉಣ್ಣೆಯಲ್ಲಿ ಉಳಿದಿರುವುದರಿಂದ ನೀರು ಬೇಗ ಒಳಗಿಳಿಯದು. ನೆನೆದರೂ ಅದು ಮೈಯ ಕಾವನ್ನು ಕಾಯುತ್ತದೆ. ನಮ್ಮ ಅಜ್ಜಿ ಚಳಿಗೆಂದು ಕಳುಹಿಸಿದ್ದು ಈ ಊರಿನಲ್ಲಿ ಮಳೆಯ ಬಟ್ಟೆ. ಮೇಷ್ಟ್ರು ಹಗುರವಾದ ಬಟ್ಟೆಯನ್ನು ತನ್ನಿರೆಂದು ಬರೆದದ್ದು ಸರಿ. ಅಜ್ಜಿ ಅದನ್ನು ಕೇಳದೆ ಹೋದದ್ದೂ ಸರಿ. ಅಮ್ಮ ಕಂಬಳಿಯನ್ನು ಎರಡು ಕೈಯಲ್ಲಿ ಎತ್ತಿ ಆಯಿಯ ಮಡಿಲಿಗೆ ಹಾಕಿದಳು. ಆಯಿ ಬೇಡವೆನ್ನಲಿಲ್ಲ. ಪ್ರತಿಯಾಗಿ ಎರಡು ಪಾಣಿಪಂಚೆಗಳನ್ನು ನಮ್ಮ ಟ್ರಂಕಿನಲ್ಲಿಟ್ಟರು.

ಆಮೇಲೆ ನಾನು ಆ ಕಡಲಿಗೆ ಎಷ್ಟೋ ಸಲ ಹೋಗಿದ್ದೇನೆ. ಈಗ ನಮ್ಮ ಊರಿನ ಹುಡುಗರು ಜೀನ್ಸ್ ಪ್ಯಾಂಟುಗಳನ್ನು ಹಾಕಿಕೊಂಡು ರಾತ್ರಿಯ ಬಸ್ಸು ಹತ್ತುವುದನ್ನು ಕಂಡಾಗ, ನನ್ನ ಖಾಕಿ ಚಡ್ಡಿಯ ನೆನಪಾಗಿ, ಕರೆದು ಹೇಳುತ್ತೇನೆ: ತೆಳುವಾದ ನೂಲಿನ ಬಟ್ಟೆ ಇರಲಿ, ದಿನಗಳಿಗಿಂತ ಒಂದು ಜೊತೆ ಹೆಚ್ಚಿಗಿರಲಿ, ಉಪ್ಪುನೀರನ್ನು ಕಾಣದ ಒಂದು ಜೊತೆಯನ್ನು ಮರುಪ್ರಯಾಣಕ್ಕೆಂದು ಬೇರೆಯಾಗಿಯೇ ಕಟ್ಟಿಡಿ, ಘಟ್ಟದ ಮೇಲಣ ರಾತ್ರಿಗೆ ಒಂದು ಶಾಲು ಕೈಚೀಲದಲ್ಲಿರಲಿ. ಕೆಲವರು ಕೇಳುತ್ತಾರೆ.

ಮುಂದಿನ ಮಳೆಗಾಲದಲ್ಲಿ ಮೇಷ್ಟ್ರ ಕಾರ್ಡು ಬಂತು. ಅವರ ತಮ್ಮಂದಿರು ದಿನವೂ ಆ ಕಂಬಳಿಯನ್ನು ಹೊದ್ದು ಗದ್ದೆಗೆ ಹೋಗುತ್ತಿದ್ದಾರೆಂದೂ, ಹದಿನೈದು ದಿನಗಳಿಂದ ಮಳೆ ಬಿಟ್ಟೇ ಇಲ್ಲವೆಂದೂ ಬರೆದಿದ್ದರು. ನಮ್ಮಲ್ಲಿ ಆ ವರ್ಷ ಆಷಾಢ ಕಳೆಯುತ್ತಾ ಬಂದಿದ್ದರೂ ಬಿತ್ತನೆಯ ಮಳೆ ಬಿದ್ದಿರಲಿಲ್ಲ. ಅಮ್ಮ ಆ ಕಾರ್ಡನ್ನು ನನ್ನಿಂದ ಎರಡು ಸಲ ಓದಿಸಿದಳು. ಅಜ್ಜಿ ಜಗಲಿಯ ಮೇಲೆ ಕುಳಿತು ಕಿವಿಗೊಟ್ಟು ಕೇಳಿ, ದಾರಿಯಲ್ಲಿ ಹೋಗುತ್ತಿದ್ದ ಕಂಬಳಿ ನೆಯ್ಯುವವನನ್ನು ಕೂಗಿ ಕರೆದು, "ಕೇಳಿದೇನಪ್ಪ, ನೀನು ನೆಯ್ದ ಕಂಬಳಿ ಅಲ್ಲೆಲ್ಲೋ ಹದಿನೈದು ದಿನದಿಂದ ನೆನೀತಾ ಅದಂತೆ" ಎಂದಳು.